ತಣ್ಣಗಿರಬೇಕಾದವರು

ಬಟ್ಟೆಯ ಒಂದು ತುದಿ ಯಿಚುನ್ ಕೈಯಲ್ಲಿತ್ತು, ಇನ್ನೊಂದು ತುದಿ ಸೋದರತ್ತೆ ಯುಲಾನ್ ಮುಷ್ಟಿಯಲ್ಲಿ. ನಡುವೆ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಅದರಾಚೆ, ಈಗಷ್ಟೇ ಫ್ರೀಜರಿನಿಂದ ಮರದ ಪೆಟ್ಟಿಗೆಗೆ ವರ್ಗವಾಗಿದ್ದ ಲಿಯೆನ್‌ಚು. ಎಳೆಯುತ್ತಿದ್ದವರಲ್ಲಿ ಒಬ್ಬಳಿಗೆ ತಾಯಿ, ಇನ್ನೊಬ್ಬಳಿಗೆ ತಮ್ಮನ ಹೆಂಡತಿ. ಈ ಇಬ್ಬರ ಜಗಳದಲ್ಲಿ ಆಕೆ ಬಾಯಿ ಹಾಕದೆ ಮಲಗಿದ್ದು ಇದೇ ಮೊದಲು.

"ಬಿಡಿ ಅತ್ತೆ."

"ಬಿಡಲ್ಲ. ಪೆಟ್ಟಿಗೆ ಹೊಸಿಲು ದಾಟೋವರೆಗೂ ಮನೇಲಿರೋ ಗಾಜೆಲ್ಲ ಮುಚ್ಚಿರ್ಬೇಕು. ನಿಮ್ಮಮ್ಮ ಇದರಲ್ಲಿ ತನ್ನ ಮುಖ ನೋಡ್ಕೊಂಡು ಇಲ್ಲೇ ತಳ ಊರಿಬಿಟ್ರೆ ನೀನು ಸಾಕ್ತೀಯಾ?"

"ಬದುಕಿದ್ದಾಗ ಸಾಕ್ಲಿಲ್ಲ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದೀರಲ್ಲ, ಈಗ್ಲಾದ್ರೂ ಸಾಕ್ತೀನಿ. ವಾಸನೆ ಬರ್ತಿಲ್ವಾ ನಿಮ್ಗೆ? ಇನ್ನರ್ಧ ಗಂಟೇಲಿ ಮಾವ ಬರ್ತಾರೆ."

"ಸಾವಿನ ಮನೆ ಮತ್ತೇನು ಘಮಘಮ ಅನ್ನುತ್ತಾ?"

ಬಟ್ಟೆಗೆ ಇಬ್ಬರ ಮಾತೂ ಸಾಕಾಗಿತ್ತೇನೋ, ನಡುವೆ ಹರಿಯಿತು. ಅತ್ತೆ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಸತ್ತವಳಿಗಾಗಿ ಸುಡಲು ಮಡಚಿಟ್ಟ ಕಾಗದದ ತಾವರೆಗಳ ರಾಶಿಯ ಮೇಲೆ ಕೂತಳು.

ತೊಟ್ಟಿಯೊಳಗೆ ಹೆಚ್ಚುಕಡಿಮೆ ಎಲ್ಲ ಬೆಳ್ಳಗಾಗಿತ್ತು. ಒಂಬತ್ತು ದಿನದ ಹಿಂದೆ ನೇರಳೆ, ಪಾಚಿ ಹಸಿರು, ಸುಟ್ಟ ಸಕ್ಕರೆಯ ಕಂದು ಬಣ್ಣದಲ್ಲಿ ಕೊಂಬೆ ಬಿಟ್ಟಿದ್ದ ಕಲ್ಲುಹವಳಗಳು ಬುಡದಿಂದ ಮೇಲಕ್ಕೆ ಚರ್ಮ ಸುಲಿದು ಬರೀ ಮೂಳೆಯಾಗಿ ನಿಂತಿದ್ದವು. ಸುಲಿದ ಚೂರುಗಳು ನೀರಿನಲ್ಲಿ ಗಂಜಿಯ ಕೆನೆಯಂತೆ ತೇಲುತ್ತಿದ್ದವು. ತೊಟ್ಟಿಗೆ ಅಂಟಿಸಿದ ಪುಟ್ಟ ಮಾಪಕ ಮೂವತ್ತೆರಡು ಡಿಗ್ರಿ ಎನ್ನುತ್ತಿತ್ತು. ಅಮ್ಮ ಅದನ್ನು ಇಪ್ಪತ್ತಾರರ ಮೇಲೆ ಒಂದು ಕೂದಲೆಳೆಯಷ್ಟೂ ಏರಗೊಟ್ಟವಳಲ್ಲ.

ಅತ್ತೆ ಸೀರಿಯಸ್ಸಾಗಿ ಬಗ್ಗಿ ನೋಡಿದಳು. "ಎಷ್ಟು ಚೊಕ್ಕವಾಗಿ ಬೆಳ್ಳಗಾಗಿವೆ ನೋಡು. ಸೂತಕ ಅಂತ ಈ ಕಲ್ಲುಗಳಿಗೂ ಗೊತ್ತಾಗಿದೆ. ನಿನಗೇ ಗೊತ್ತಾಗ್ತಿಲ್ಲ."

ಯಿಚುನ್ ಹಲ್ಲು ಕಚ್ಚಿದಳು. ಇವತ್ತು ಅವಳ ಹಲ್ಲಿಗೆ ಬೇರೆ ಕೆಲಸವಿತ್ತು.

ಪೆಟ್ಟಿಗೆಗೆ ನಾಲ್ಕು ಮೂಲೆಗೆ ನಾಲ್ಕು ಮೊಳೆ. ಸತ್ತವಳ ತವರಿನವರು ಬಂದು, ಮುಖ ನೋಡಿ, ತಮ್ಮ ಮನೆಮಗಳಿಗೆ ಯಾರೂ ಅನ್ಯಾಯ ಮಾಡಿಲ್ಲ ಅಂತ ಒಪ್ಪಿದ ಮೇಲೆ ಸೋದರಮಾವನೇ ಅವನ್ನು ಹೊಡೆಯಬೇಕು. ಐದನೆಯದು ಸಣ್ಣ ಮೊಳೆ. ಅದನ್ನು ಸುಮ್ಮನೆ ಚುಚ್ಚಿಟ್ಟಿರುತ್ತಾರೆ. ಸತ್ತವಳ ಕುಡಿ ಯಾರೋ ಅವರು ಅದನ್ನು ಹಲ್ಲಿನಿಂದ ಕಚ್ಚಿ ಕಿತ್ತು ಊದುಬತ್ತಿಯ ಬಟ್ಟಲಿಗೆ ಹಾಕಬೇಕು. ಅದು ಗಂಡುಮಗನ ಹಕ್ಕು. ಲಿಯೆನ್‌ಚುಗೆ ಗಂಡುಮಗನಿಲ್ಲ. ಹಾಗಾಗಿ ಅತ್ತೆ ತನ್ನ ಮಗ ಪೋಹಾನ್‌ನನ್ನು ಬೆಳಗಿನಿಂದಲೇ ಹಲ್ಲು ಉಜ್ಜಿಸಿ ನಿಲ್ಲಿಸಿದ್ದಳು. ಇಪ್ಪತ್ತು ವರ್ಷ ಅಡಕೆ ಜಗಿದ ಆ ಹಲ್ಲುಗಳನ್ನು ನೋಡಿದರೆ ಮೊಳೆಗೇ ತುಕ್ಕು ಹಿಡಿಯುವಂತಿತ್ತು.

"ಒಬ್ಬಳೇ ಮಗಳು ನಾನು," ಅಂತ ಯಿಚುನ್ ಒಂಬತ್ತು ದಿನದಿಂದ ಹೇಳುತ್ತಿದ್ದಳು.

"ಮದುವೆ ಮಾಡಿ ಕಳಿಸಿದ ಮಗಳು," ಅಂತ ಅತ್ತೆ ಒಂಬತ್ತು ದಿನದಿಂದ ತಿದ್ದುತ್ತಿದ್ದಳು. "ವಾಪಸ್ ಬಂದಿದ್ದೀಯ ನಿಜ. ಪಾರ್ಸಲ್ಲೂ ವಾಪಸ್ ಬರುತ್ತೆ."

ತೀರ್ಮಾನ ಮಾವನದ್ದು. ಆ ವಿಷಯದಲ್ಲಿ ಮಾತ್ರ ಇಬ್ಬರಿಗೂ ತಕರಾರಿರಲಿಲ್ಲ.

*

ಅಮ್ಮ ಮೂವತ್ತೈದು ವರ್ಷ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೂತು ಕಾವ್‌ಶುಂಗ್ ಬಂದರಿನ ಅರ್ಧ ಮುದುಕರ ಬಾಯಿ ತುಂಬಿಸಿದವಳು. ಊರಿಗೆಲ್ಲ ಹಲ್ಲು ಕೊಟ್ಟಳು, ಮನೆಯವರಿಗೆ ಮಾತ್ರ ಹಲ್ಲು ಬಿಟ್ಟವಳಲ್ಲ. ಯಾರ ಮುಖಸ್ತುತಿ ಮಾಡಿಯೂ ಗೊತ್ತಿಲ್ಲ. "ನಿಮ್ಮ ದವಡೆ ವಕ್ರ, ನನ್ನ ಸೆಟ್ಟು ನೇರ," ಅಂತ ಎದುರಿಗೇ ಹೇಳುವ ಹೆಂಗಸು.

ಲ್ಯಾಬಿನಿಂದ ಬಂದವಳೇ ಬ್ಯಾಗನ್ನೂ ಇಡದೆ ತೊಟ್ಟಿಯ ಮುಂದೆ ನಿಲ್ಲುತ್ತಿದ್ದಳು. ದಂತವೈದ್ಯರೊಬ್ಬರು ಹಳೆಯದೆಂದು ಕೊಟ್ಟ, ಮೂಳೆ ಕತ್ತರಿಸುವ ಇಕ್ಕಳ ಅವಳ ಕೈಯಲ್ಲಿ. ಬೆಳೆದ ಕೊಂಬೆಯನ್ನು ಟಕ್ಕೆಂದು ಮುರಿದು, ತುಂಡನ್ನು ಬಿಲ್ಲೆಯಂಥ ಪುಟ್ಟ ಕಲ್ಲಿಗೆ ಕೂರಿಸಿ, ತೊಟ್ಟಿಯಲ್ಲಿ ಜಾಗ ಹುಡುಕುವುದು. ತುಂಡು ಮಾಡುವುದು ಒಂದು ಕ್ಷಣ, ಜಾಗ ಹುಡುಕುವುದು ಒಂದು ತಿಂಗಳು. ಬೆಳಕು ಹೆಚ್ಚಾದರೆ ಸುಡುತ್ತದೆ, ಕಡಿಮೆಯಾದರೆ ಮಂಕಾಗುತ್ತದೆ. ನೀರು ಜೋರಾಗಿ ಹೊಡೆಯಬೇಕು, ಆದರೆ ನೇರ ಮುಖಕ್ಕಲ್ಲ. ಎಲ್ಲಕ್ಕಿಂತ ಮುಖ್ಯ, ಎರಡರ ನಡುವೆ ಗೇಣು ಜಾಗ.

"ಹತ್ತಿರ ಇಟ್ರೆ ಏನಾಗತ್ತೆ?" ಅಂತ ಯಿಚುನ್ ಹತ್ತು ವರ್ಷದವಳಿದ್ದಾಗ ಕೇಳಿದ್ದಳು.

"ಒಂದನ್ನೊಂದು ಸುಟ್ಟು ತಿನ್ನುತ್ತವೆ. ನೋಡೋಕೆ ಕಲ್ಲು, ಸ್ವಭಾವ ಮಾತ್ರ ನಿಮ್ಮತ್ತೆದು."

ಯಿಚುನ್ ಗಂಡನ ಮನೆ ಬಿಟ್ಟು ಸೂಟ್‌ಕೇಸ್ ಎಳೆದುಕೊಂಡು ಬಂದ ವರ್ಷ ಅಮ್ಮ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮೊದಲು ಕೆಳಗಿನ ಕೋಣೆ ಕೊಟ್ಟಳು. ಎರಡು ವಾರ ಪ್ರತಿ ಬೆಳಿಗ್ಗೆ ಬಾಗಿಲಲ್ಲಿ ನಿಂತು ಮಗಳ ಮುಖ ದಿಟ್ಟಿಸಿದಳು. ಮೂರನೆಯ ವಾರ ಮಂಚ ಮಹಡಿಗೆ ಹೋಯಿತು. ಮತ್ತೆ ಎರಡು ವಾರ ದಿಟ್ಟಿಸುವುದು. ಆಮೇಲೆ ಮಂಚ ಪೂರ್ವದ ಕಿಟಕಿಯ ಪಕ್ಕಕ್ಕೆ.

"ನಾನೇನು ಕುರ್ಚೀನಾ?" ಅಂತ ಯಿಚುನ್ ಕೂಗಾಡಿದ್ದಳು. "ಒಂದು ಕಡೆ ಇರೋಕ್ಕೆ ಬಿಡಲ್ವಾ?"

"ಇಲ್ಲಿ ಸರಿ ಇದೆ," ಅಂದಳು ಅಮ್ಮ. ಅವಳ ಮುಖ ನೋಡಿ ಅಂದಳೋ, ಮಂಚ ನೋಡಿ ಅಂದಳೋ ತಿಳಿಯಲಿಲ್ಲ. ಆಮೇಲೆ ಮಂಚ ಜರುಗಲಿಲ್ಲ.

*

ಸೋದರಮಾವ ತಿಯೆನ್‌ಫು ಪೆಂಗ್‌ಹು ದ್ವೀಪದಿಂದ ಮೊದಲ ವಿಮಾನ ಹಿಡಿದು ಬಂದಿದ್ದ. ಸ್ಕ್ವಿಡ್ ಮೀನು ಒಣಗಿಸುವವನು. ಎಪ್ಪತ್ತು ವರ್ಷದ ಬಿಸಿಲಿನಲ್ಲಿ ತಾನೂ ಸ್ವಲ್ಪ ಒಣಗಿದ್ದ. ಪದ್ಧತಿಯಂತೆ ಯಿಚುನ್ ಗೋಣಿಯಂಥ ಸೂತಕದ ಅಂಗಿಯಲ್ಲಿ ಬೀದಿಯ ಪೆಂಡಾಲಿನ ಬಾಯಿಯವರೆಗೆ ಮಂಡಿಯ ಮೇಲೆ ತೆವಳಿ ಹೋಗಿ ತಲೆ ಬಗ್ಗಿಸಿದಳು. ಮಾವ ಅವಳ ಕಂಕುಳಿಗೆ ಕೈಹಾಕಿ ಎತ್ತಿದ.

"ಏಳಮ್ಮ. ನೀನು ಮಂಡಿ ಸವೆಸಬೇಡ. ಸವೆಸಬೇಕಾದವರು ಒಳಗಿದ್ದಾರೆ."

ಒಳಗಿದ್ದವರು, ಅಂದರೆ ಅತ್ತೆ, ತಟ್ಟೆಯಲ್ಲಿ ಸುತ್ತಿಗೆ ಇಟ್ಟುಕೊಂಡು ಕಾಯುತ್ತಿದ್ದಳು. ಮಾವ ಸುತ್ತಿಗೆ ನೋಡಲಿಲ್ಲ. ಪೆಟ್ಟಿಗೆಯ ಮೇಲೆ ಬಗ್ಗಿ ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದ.

"ತೆಳ್ಳಗಾಗಿದ್ದಾಳೆ."

"ಸತ್ತಿದ್ದಾಳೆ," ಅಂದಳು ಅತ್ತೆ.

"ಸಾಯೋಕೆ ಮುಂಚೇನೂ ತೆಳ್ಳಗಿದ್ಲು. ನಿಮ್ಮ ತಮ್ಮನ ಮನೇಲಿ ಮೀನಿನ ತಲೆ ಇವಳಿಗೆ, ಮೈ ನಿಮಗೆ ಅಂತ ಕೇಳಿದ್ದೆ."

"ತಲೆ ಇಷ್ಟ ಅಂತ ಅವಳೇ ತಿಂತಿದ್ಲು!"

ಪುರೋಹಿತ ಕೆಮ್ಮಿ ಗಡಿಯಾರ ತೋರಿಸಿದ. ಮೊಳೆ ಬೀಳಬೇಕಾದದ್ದು ಹನ್ನೊಂದರೊಳಗೆ. ಆಗ ಹತ್ತೂ ಹತ್ತು.

ಅಷ್ಟರಲ್ಲಿ ಥರ್ಮೋಕೋಲ್ ಡಬ್ಬಿ ಹೊತ್ತ ಒಬ್ಬ ಕುಳ್ಳ ಮನುಷ್ಯ ನುಗ್ಗಿದ. ಬಸ್ ಡ್ರೈವರನ ಸಮವಸ್ತ್ರ. ಒಂದು ಊದುಬತ್ತಿ, ಮೂರು ನಮಸ್ಕಾರ, ನಾಲ್ಕನೆಯದಕ್ಕೆ ಸೀದಾ ತೊಟ್ಟಿಯ ಮುಂದೆ.

"ಕೊಲೆಗಾರರು!" ಅಂದ.

"ಯಾರಯ್ಯ ನೀನು?" ಅಂದ ಮಾವ.

"ಫಾಂಗ್. ನಾನೂ ಹವಳ ಸಾಕ್ತೀನಿ. ಈ ಹೆಂಗಸಿನ ಶತ್ರು." ಪೆಟ್ಟಿಗೆಯ ಕಡೆ ಗದ್ದ ತೋರಿಸಿದ. "ಹದಿನೆಂಟು ವರ್ಷದಿಂದ ಆ ನೇರಳೆ ಕೊಂಬೆಯ ಒಂದು ತುಂಡು ಕೊಡಿ ಅಂತ ಕೇಳ್ತಿದ್ದೆ. ಊರಿಗೆಲ್ಲ ಹಂಚಿದ್ಲು, ನನಗೆ ಕೊಡ್ಲಿಲ್ಲ. 'ನೀನು ಎರಡನ್ನ ಕೊಂದಿದ್ದೀಯ, ಮೂರನೇದಕ್ಕೆ ನಾನು ಪಾಲುದಾರಳಾಗಲ್ಲ' ಅಂದ್ಲು. ಇವತ್ತು ಮನೆಯವರನ್ನ ಕೇಳೋಣ ಅಂತ ಡಬ್ಬಿ ತಂದೆ. ನೋಡಿದ್ರೆ ಮನೆಯವರು ನನ್ನನ್ನೂ ಮೀರಿಸಿದ್ದಾರೆ."

"ಸಾವಿನ ಮನೆಗೆ ಡಬ್ಬಿ ತಗೊಂಡು ಬರ್ತಾರಾ ಯಾರಾದ್ರೂ?" ಅತ್ತೆ ಕಿರುಚಿದಳು.

ಫಾಂಗ್ ಆಗಲೇ ನೆಲಕ್ಕೆ ಕೂತು ತೊಟ್ಟಿಯ ಅಡಿಗೆ ತಲೆ ತೂರಿಸಿದ್ದ. ಅವನ ದನಿ ಮರದ ಕಪಾಟಿನೊಳಗಿಂದ ಬಂತು. "ನೀರು ತಂಪು ಮಾಡೋ ಮಷೀನು ಆಫ್. ಪ್ಲಗ್ಗು ನೆಲದ ಮೇಲೆ ಬಿದ್ದಿದೆ. ಸಾಕೆಟ್ಟಲ್ಲಿ ಏನಿದೆ ಹೇಳಿ ನೋಡೋಣ?" ವೈರನ್ನು ಬೆರಳಲ್ಲಿ ಹಿಡಿದು ಹಿಂಬಾಲಿಸುತ್ತ ಹೊರಬಂದ. ವೈರು ಗೋಡೆಗುಂಟ ಸಾಗಿ, ಮೂಲೆಯಲ್ಲಿ ಖಾಲಿಯಾಗಿ ನೀರು ತೊಟ್ಟಿಕ್ಕುತ್ತಿದ್ದ ಫ್ರೀಜರ್ ಪೆಟ್ಟಿಗೆಗೆ ಸೇರಿತು. "ಹೆಣ ತಣ್ಣಗಿಡೋಕೆ ಇವನ್ನ ಬೇಯಿಸಿದ್ದೀರಿ."

ಮಾವ ತೊಟ್ಟಿಯ ಹತ್ತಿರ ಬಂದ. ಅವನು ತನ್ನ ಊರಿನಲ್ಲಿ ಹವಳದ ಕಲ್ಲು ಪೇರಿಸಿ ಗೋಡೆ ಕಟ್ಟಿದವನು. ಗಾಳಿಗೆ ಕಡಲೆಕಾಯಿ ಹೊಲ ಹಾರಿಹೋಗದಿರಲಿ ಅಂತ ಸುತ್ತ ಇಟ್ಟದ್ದೂ ಅದನ್ನೇ.

"ನಮ್ಮೂರಲ್ಲಿ ಹಂದಿಗೂಡಿಗೂ ಇದೇ ಕಲ್ಲು," ಅಂದ ಮೆಲ್ಲಗೆ. "ಕಲ್ಲಿಗೆ ಏಸಿ ಹಾಕ್ಸಿದ್ದಾಳೆ ಅಂತ ನಾನೇ ನಗ್ತಿದ್ದೆ. ಭಾನುವಾರ ಬಂದ್ರೆ ಫೋನು. ಗಂಡ ಸತ್ತ ದಿನ ಎರಡು ನಿಮಿಷ ಮಾತಾಡಿದ್ಲು. ಈ ನೇರಳೇದು ಬೆರಳುದ್ದ ಬೆಳೀತು ಅಂತ ಮುಕ್ಕಾಲು ಗಂಟೆ ಮಾತಾಡಿದ್ಲು." ತಿರುಗಿದ. ದನಿ ಬದಲಾಗಿತ್ತು. "ಆ ಪ್ಲಗ್ಗು ಕಿತ್ತವರು ಯಾರು?"

ಹೊರಗೆ ಬ್ಯಾಂಡಿನವನು ಒಂದೇ ಸ್ವರವನ್ನು ಪರೀಕ್ಷಿಸುತ್ತಿದ್ದ.

"ಗೊತ್ತಾಗೋವರೆಗೂ ಸುತ್ತಿಗೆ ಮುಟ್ಟಲ್ಲ. ಹನ್ನೊಂದಾಗ್ಲಿ, ಹನ್ನೆರಡಾಗ್ಲಿ. ಫ್ರೀಜರ್ ಬಂದ ದಿನ ಮನೇಲಿ ಯಾರಿದ್ರು?"

"ಯಿಚುನ್ ಇದ್ಲು, ನಾನಿದ್ದೆ," ಅಂದಳು ಅತ್ತೆ. ಹೇಳಿದ ಮೇಲೆ ತಾನು ಏನು ಹೇಳಿದೆ ಅಂತ ಅವಳಿಗೆ ಹೊಳೆಯಿತು. "ನಾನು ಬಟ್ಟೆ ಹೊದಿಸಿದೆ ಅಷ್ಟೇ. ದೀಪ ಆರಿಸಿದೆ. ಪ್ಲಗ್ಗು ಗಿಗ್ಗು ನಂಗೊತ್ತಿಲ್ಲ."

"ಬಟ್ಟೆ ಹೊದಿಸಿದ ಕೈ ಪ್ಲಗ್ಗಿಗೆ ಹೋಗಲ್ವಾ? ಬದುಕಿದ್ದಾಗ ಈ ತೊಟ್ಟಿ ಮಾರಿಬಿಡು ಅಂತ ಪೀಡಿಸಿದವಳು ನೀನೇ ತಾನೆ?"

ಎಲ್ಲರೂ ಅತ್ತೆಯನ್ನು ನೋಡಿದರು. ಅತ್ತೆ ಯಿಚುನ್‌ಳನ್ನು ನೋಡಿದಳು. ಯಿಚುನ್ ನೆಲವನ್ನು ನೋಡಿದಳು.

*

ಫ್ರೀಜರ್ ತಂದ ಆಳು ಆ ದಿನ ಗೋಡೆಯ ಸಾಕೆಟ್ಟುಗಳನ್ನೆಲ್ಲ ಮೂಸಿ ನೋಡಿ ತಲೆಯಲ್ಲಾಡಿಸಿದ್ದ. "ಹಳೇ ಮನೆ, ಹಳೇ ವೈರು. ದಪ್ಪ ವೈರು ಇರೋದು ಇದೊಂದಕ್ಕೇ. ಇದರಲ್ಲಿರೋದನ್ನ ತೆಗೀತೀರಾ?"

ಸಾವು ದೇವರ ಕಣ್ಣಿಗೆ ಬೀಳದಿರಲೆಂದು ಪೀಠಕ್ಕೆ ಅಂಟಿಸುವ ಕೆಂಪು ಕಾಗದ ತರಲು ಅತ್ತೆ ಅಂಗಡಿಗೆ ಹೋಗಿದ್ದಳು. ಅಮ್ಮ ಸೋಫಾದ ಮೇಲೆ, ಮಿದುಳಲ್ಲಿ ರಕ್ತನಾಳ ಒಡೆದು ಸತ್ತು ಮೂರು ಗಂಟೆಯಾಗಿತ್ತು. ತೊಟ್ಟಿಯ ಹಿಂದಿನ ಯಂತ್ರ ಎಂದಿನಂತೆ ಗುರುಗುಟ್ಟುತ್ತಿತ್ತು, ಮನೆಯಲ್ಲಿ ಏನೂ ಆಗಿಲ್ಲವೆಂಬಂತೆ. ಇಪ್ಪತ್ತಾರು. ಇಪ್ಪತ್ತಾರು. ಇಪ್ಪತ್ತಾರು.

ಉದ್ದನೆಯ ವೈರೊಂದನ್ನು ಪಕ್ಕದ ಮನೆಯಿಂದ ಎಳೆಯಬಹುದಿತ್ತು. ಯಿಚುನ್‌ಗೆ ಅದು ಆಗಲೇ ಹೊಳೆದಿತ್ತು. ಆದರೂ ಬಗ್ಗಿ, ಒಂದೇ ಎಳೆತಕ್ಕೆ ಪ್ಲಗ್ಗು ಕಿತ್ತಳು. ಗುರುಗುಟ್ಟುವುದು ನಿಂತಿತು. ಮೂವತ್ತು ವರ್ಷದ ತಲೆನೋವು ನಿಂತಷ್ಟು ಹಾಯೆನಿಸಿತು. ಒಂಬತ್ತು ರಾತ್ರಿ ಪೆಟ್ಟಿಗೆಯ ಪಕ್ಕ ಕಾವಲು ಕೂತಾಗಲೂ ಅವಳು ಆ ಬಟ್ಟೆ ಸರಿಸಲಿಲ್ಲ.

*

"ಅವಳನ್ನೇ ಕೇಳೋಣ," ಅಂದ ಮಾವ.

ಪುರೋಹಿತ ತಟ್ಟೆಯಲ್ಲಿ ಎರಡು ನಾಣ್ಯ ಇಟ್ಟ. ಒಂದು ತಲೆ ಒಂದು ಹೂವು ಬಿದ್ದರೆ ಸತ್ತವರು ಹೌದು ಅಂದ ಹಾಗೆ. ಎರಡೂ ಒಂದೇ ಬಿದ್ದರೆ ಇಲ್ಲ. ಊಟದಿಂದ ಹಿಡಿದು ಹೂಳುವ ದಿಕ್ಕಿನವರೆಗೆ ಒಂಬತ್ತು ದಿನದಿಂದ ಲಿಯೆನ್‌ಚುಳನ್ನು ಹೀಗೇ ಕೇಳುತ್ತ ಬಂದಿದ್ದರು. ಬದುಕಿದ್ದಾಗ ಅವಳ ಅಭಿಪ್ರಾಯಕ್ಕೆ ಇಷ್ಟು ಬೇಡಿಕೆ ಇರಲಿಲ್ಲ.

"ಕೇಳ್ತೀನಿ, ಹೆದರಿಕೆ ಏನು?" ಅತ್ತೆ ನಾಣ್ಯಗಳನ್ನು ಕಿತ್ತುಕೊಂಡು ಪೆಟ್ಟಿಗೆಯ ಮುಂದೆ ಮಂಡಿಯೂರಿದಳು. "ಲಿಯೆನ್‌ಚು! ನಲವತ್ತು ವರ್ಷ ಜಗಳ ಆಡಿದ್ದೀವಿ, ಸುಳ್ಳು ಹೇಳಿಲ್ಲ. ನಿನ್ನ ಕಲ್ಲುಗಳನ್ನ ಕೊಂದವಳು ನಾನಾ? ಹೇಳು!"

ನಾಣ್ಯಗಳು ನೆಲಕ್ಕೆ ಬಿದ್ದು, ಒಂದು ಅಲ್ಲೇ ಕೂತಿತು. ಇನ್ನೊಂದು ಪೆಟ್ಟಿಗೆಯ ಕಾಲಿನವರೆಗೆ ಉರುಳಿ, ಯೋಚಿಸಿ, ಮಗುಚಿತು.

ಒಂದು ತಲೆ. ಒಂದು ಹೂವು.

"ಹೌದಂತೆ," ಅಂದ ಪುರೋಹಿತ.

ಪೆಂಡಾಲಿನವರೆಗೂ ಗುಸುಗುಸು ಹಬ್ಬಿತು. ಮಾವ ಸುತ್ತಿಗೆಯನ್ನು ಕೈಗೆ ತೆಗೆದುಕೊಂಡ. "ಈ ಮನೆಯವರ ಬಾಯಿ ಐದನೇ ಮೊಳೆ ಮುಟ್ಟಕೂಡದು. ನನ್ನ ತಂಗಿ ಮಗಳೇ ಕೀಳ್ತಾಳೆ. ಯಿಚುನ್, ಬಾ ಇಲ್ಲಿ."

ಇದಕ್ಕಾಗಿಯೇ ಅವಳು ಒಂಬತ್ತು ದಿನ ಕಾದಿದ್ದು. ಪೋಹಾನ್ ಪೆಚ್ಚಾಗಿ ಹಿಂದೆ ಸರಿದ. ಯಿಚುನ್ ಪೆಟ್ಟಿಗೆಯ ಕಡೆ ಎರಡು ಹೆಜ್ಜೆ ಇಟ್ಟಳು. ಅತ್ತೆ ಇನ್ನೂ ನೆಲದ ಮೇಲಿದ್ದಳು.

"ಹೌದಾ, ಲಿಯೆನ್‌ಚು?" ಅನ್ನುತ್ತಿದ್ದಳು. ಹವಾಮಾನದ ವಿಷಯದಲ್ಲೂ ತನ್ನ ತಪ್ಪು ಒಪ್ಪದ ಹೆಂಗಸು ತನ್ನ ಎರಡು ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. "ನಾನೇನಾ? ಬಟ್ಟೆ ಸಿಕ್ಕಿಸುವಾಗ ತಾಗಿತೇನೋ. ಮರೆವು ಬಂದಿದೆ ನಂಗೆ. ಮೊನ್ನೆ ಗ್ಯಾಸೂ ಆರಿಸಿರ್ಲಿಲ್ಲ. ನಾನೇ ಇರ್ಬೇಕು. ನೀನು ಹೇಳ್ತೀಯ ಅಂದ್ರೆ ನಾನೇ."

ಯಿಚುನ್ ನಿಂತಳು. ವಕ್ರ ದವಡೆಯನ್ನು ವಕ್ರ ಅಂದವಳು, ಒಂದು ಸಲವೂ ಮಗಳ ಮುಖ ನೋಡಿ ಸುಳ್ಳಾಡದವಳು, ಸತ್ತು ಒಂಬತ್ತನೇ ದಿನಕ್ಕೆ ಇಷ್ಟು ಜನರ ಮುಂದೆ ಸುಳ್ಳು ಹೇಳಿದ್ದಳು. ಮಗಳನ್ನು ಪೂರ್ವದ ಕಿಟಕಿಯ ಪಕ್ಕ ಇಟ್ಟ ಹಾಗೆ, ಪೆಟ್ಟಿಗೆಯ ಪಕ್ಕ ಇಡಲು.

"ಇನ್ನೂ ನೀನೇ ಜಾಗ ಹುಡುಕ್ತೀಯಾ ನಂಗೆ?" ಅಂದಳು ಪೆಟ್ಟಿಗೆಗೆ. ಆಮೇಲೆ ಎಲ್ಲರಿಗೂ ಕೇಳುವಂತೆ, "ಪ್ಲಗ್ಗು ಕಿತ್ತಿದ್ದು ನಾನು. ಅತ್ತೆ ಕೆಂಪು ಕಾಗದ ತರೋಕೆ ಹೋಗಿದ್ರು. ಗೊತ್ತಿದ್ದೇ ಕಿತ್ತೆ."

ಬ್ಯಾಂಡಿನವನೂ ಸ್ವರ ನಿಲ್ಲಿಸಿದ.

"ನಾಣ್ಯ ಬೀಳೋವರೆಗೂ ಬಾಯಲ್ಲಿ ಏನಿಟ್ಟುಕೊಂಡಿದ್ದೆ?" ಅಂದ ಮಾವ.

"ಮೊಳೆ."

ಅತ್ತೆ ಎದ್ದಳು. ಮಂಡಿ ಕೊಡವಿಕೊಂಡಳು. "ನಾಯಿ," ಅಂದಳು. "ನಂಗೆ ಮರೆವು ಬಂದಿದೆ ಅಂತ ಊರೆಲ್ಲರ ಮುಂದೆ ಒಪ್ಪಿಕೊಳ್ಳೋ ಹಾಗೆ ಮಾಡಿದೆಯಲ್ಲೇ! ಗ್ಯಾಸಿನ ವಿಷಯ ಬೇರೆ ಹೇಳಿಬಿಟ್ಟೆ!"

ಹತ್ತೂ ನಲವತ್ತಾಗಿತ್ತು. ಮಾವ ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಮುಖ ಒಣಗಿದ ಸ್ಕ್ವಿಡ್‌ನಷ್ಟೇ ಗಟ್ಟಿಯಾಗಿತ್ತು.

"ಡ್ರೈವರ್, ಅದರಲ್ಲಿ ಏನಾದ್ರೂ ಉಸಿರಾಡ್ತಿದೆಯಾ?"

"ನೇರಳೇದರ ತುದಿ. ನಾಲ್ಕೈದು ಬೆರಳು. ಸುಲಿಯೋದು ಕಣ್ಣೆದುರಿಗೇ ಮೇಲೆ ಹತ್ತುತ್ತಿದೆ. ಈಗ ಕತ್ತರಿಸಿದ್ರೆ ಉಂಟು, ಗಂಟೆ ಬಿಟ್ರೆ ಇಲ್ಲ. ಕೊಡಿ, ನಾನು..."

"ನೀನು ಕೈಯಿಡಬೇಡ. ನೀನು ಎರಡು ಕೊಂದವನು." ಮಾವ ಯಿಚುನ್ ಕಡೆ ತಿರುಗಿದ. "ಇವಳು ಅದೆಲ್ಲಾನೂ ಕೊಂದವಳು. ಇವಳೇ ಕತ್ತರಿಸ್ತಾಳೆ. ಮೊಳೆ ಪೋಹಾನ್ ಕೀಳ್ತಾನೆ. ಪುರೋಹಿತರೇ, ಶುರು ಮಾಡಿ."

"ಮಾವ, ನಾನು ಅಮ್ಮನ..."

"ತಿರುಗಿ ನಿಲ್ಲು."

ಅವಳು ಪೆಟ್ಟಿಗೆಗೆ ಬೆನ್ನು ಮಾಡಿದಳು. ಅಮ್ಮನ ಇಕ್ಕಳ ಕಪಾಟಿನಲ್ಲೇ ಇತ್ತು, ಎಣ್ಣೆ ಹಚ್ಚಿ ಒರೆಸಿಟ್ಟದ್ದು. ತೋಳನ್ನು ಭುಜದವರೆಗೆ ನೀರಿಗಿಳಿಸಿದಳು. ನೀರು ಜ್ವರ ಬಂದವರ ಮೈಯಷ್ಟು ಬೆಚ್ಚಗಿತ್ತು.

ಮೊದಲ ಮೊಳೆ ಬಿತ್ತು. ಮಾವನ ದನಿ ಹಾರೈಕೆಯ ಮಾತು ಹೇಳುತ್ತಿತ್ತು, ಬೈದ ಹಾಗೆ.

"ಸತ್ತ ಗೆರೆ ಕಾಣ್ತಿದೆಯಾ?" ಫಾಂಗ್ ಕಿವಿಯಲ್ಲಿ ಹಲ್ಲು ಮಸೆದ. "ಅದಕ್ಕಿಂತ ಬೆರಳಗಲ ಮೇಲೆ ಹಿಡಿ. ಬದುಕಿರೋ ಕಡೆಯಿಂದಲೇ ಸ್ವಲ್ಪ ಬಿಟ್ಟುಕೊಡು. ಜಿಪುಣತನ ಮಾಡಿದ್ರೆ ಗೆರೆ ಹಿಂದೇನೇ ಬರುತ್ತೆ. ಅಲ್ಲಲ್ಲ! ಮೇಲೆ! ನಿಮ್ಮಮ್ಮ ಇಷ್ಟು ದಡ್ಡಿ ಇರ್ಲಿಲ್ಲ."

"ಬಾಯ್ಮುಚ್ಚಿ ಡಬ್ಬಿ ಹಿಡ್ಕೊಳ್ರೀ."

ಟಕ್. ಬೆರಳಿನ ಗೆಣ್ಣಿನಷ್ಟು ತುಂಡು ಅವಳ ಅಂಗೈಗೆ ಬಂತು. ತುದಿಯಲ್ಲಿ ಇನ್ನೂ ನೇರಳೆ ಇತ್ತು. ಲೋಳೆ ಲೋಳೆಯಾಗಿ, ಜೀವವಿದ್ದದ್ದರ ಹಾಗೆ ಜಾರುತ್ತಿತ್ತು. ಎರಡನೆಯ ಮೊಳೆ. ಟಕ್. ಮೂರನೆಯ ಮೊಳೆ. ಕೊಂಬೆ ಗಟ್ಟಿಯಾಗಿತ್ತು, ಇಕ್ಕಳದ ಮೇಲೆ ಪೂರಾ ಬಲ ಹಾಕಬೇಕಾಯಿತು. ಮೂರನೆಯ ತುಂಡು ಕೈಯಲ್ಲೇ ಪುಡಿಯಾಯಿತು. ಫಾಂಗ್ ಬೈದ. ನಾಲ್ಕನೆಯ ಮೊಳೆ. ಟಕ್. ಆಮೇಲೆ ಸದ್ದಿಲ್ಲದ ಒಂದು ಕ್ಷಣ, ಪೋಹಾನ್ ಬಗ್ಗಿರಬೇಕು. ಊದುಬತ್ತಿಯ ಬಟ್ಟಲಿನಲ್ಲಿ ಚಿಕ್ಕ ಲೋಹದ ಸದ್ದಾಯಿತು. ಯಿಚುನ್ ತಿರುಗಲಿಲ್ಲ. ಕೊನೆಯ ತುದಿಯನ್ನು ಹುಡುಕುತ್ತಿದ್ದಳು.

ನಾಲ್ಕು ತುಂಡು ಡಬ್ಬಿಯ ತಂಪು ನೀರಿಗೆ ಬಿದ್ದವು.

"ಗೇಣು ಅಂತರ ಇಡ್ಬೇಕು," ಅಂದಳು ಯಿಚುನ್. "ಮೊದಲ ವಾರ ಕೆಳಗೆ, ಬೆಳಕು ಕಡಿಮೆ ಇರೋ ಕಡೆ. ಆಮೇಲೆ ದಿನಾ ಬಣ್ಣ ನೋಡಿ. ಮಂಕಾದ್ರೆ ಜಾಗ ಬದಲಾಯಿಸಿ."

"ಗೊತ್ತು ಕಣಮ್ಮ."

"ಗೊತ್ತಿದ್ದಿದ್ರೆ ಎರಡು ಸಾಯ್ತಿರ್ಲಿಲ್ಲ. ನಾಳೆ ಬಂದು ನೋಡ್ತೀನಿ. ನಾಡಿದ್ದೂ ಬರ್ತೀನಿ."

"ತಾಯಿಗಿಂತ ಕೆಟ್ಟದು ಇದು," ಅಂತ ಫಾಂಗ್ ಡಬ್ಬಿಯನ್ನು ಎದೆಗವಚಿಕೊಂಡು ಹೊರಟ. ಅವನ ಸ್ಕೂಟರ್ ಎಡಕ್ಕೆ ಹೋಯಿತು. ಬ್ಯಾಂಡು, ಹೂವಿನ ಗಾಡಿ, ಪೆಟ್ಟಿಗೆ ಬಲಕ್ಕೆ ತಿರುಗಿದವು.

ಆಗಸ್ಟ್‌ನ ಬಿಸಿಲು ಡಾಂಬರಿನ ಮೇಲೆ ನಡುಗುತ್ತಿತ್ತು. ಮುಂದೆ ಪೋಹಾನ್ ಬಟ್ಟಲು ಹಿಡಿದಿದ್ದ, ಅವನ ಹಿಂದೆ ಮಾವ. ಯಿಚುನ್ ಕೊನೆಯ ಸಾಲಿನಲ್ಲಿ ಒಬ್ಬಳೇ ನಡೆಯುತ್ತಿದ್ದಳು. ಅವಳ ಸೂತಕದ ಅಂಗಿಯ ಬಲತೋಳು ಭುಜದವರೆಗೆ ತೊಯ್ದು ಭಾರವಾಗಿ ಜೋತು, ಹೆಜ್ಜೆಹೆಜ್ಜೆಗೂ ರಸ್ತೆಯ ಮೇಲೆ ಹನಿ ಬೀಳಿಸುತ್ತಿತ್ತು.

ಎರಡನೆಯ ಸಿಗ್ನಲ್ಲಿನಲ್ಲಿ ಮೆರವಣಿಗೆ ನಿಂತಿತು. ಅತ್ತೆ ಮುಂದಿನ ಸಾಲಿನಿಂದ ತಿರುಗಿ ನೋಡಿದಳು. ರಸ್ತೆಯ ಹನಿಗಳನ್ನು ನೋಡಿದಳು, ತೋಳನ್ನು ನೋಡಿದಳು, ಜನರನ್ನು ತಳ್ಳಿಕೊಂಡು ಹಿಂದಕ್ಕೆ ಬಂದಳು.

"ದರಿದ್ರದವಳೇ, ನೀರಿಳಿಸ್ಕೊಂಡು ಬರ್ತಿದ್ದೀಯ. ಹಿಡಿ ಇಲ್ಲಿ."

ತೋಳಿನ ಬಟ್ಟೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಕೋಳಿಯ ಕತ್ತು ಹಿಸುಕಿದಂತೆ ಹಿಂಡತೊಡಗಿದಳು. ಉಪ್ಪುನೀರು ಅವಳ ಬಿಳಿ ಬೂಟುಗಳ ಮೇಲೆ ಸುರಿಯಿತು. ಸಿಗ್ನಲ್ ಹಸಿರಾಯಿತು, ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ಅತ್ತೆ ಬೈಯುತ್ತಲೇ ಇದ್ದಳು, ಹಿಂಡುತ್ತಲೇ ಇದ್ದಳು.